ಜಮಾ-ಖರ್ಚಿಗೆ ಭಾಷೆಯುಂಟು, ನೋವಿಗೆ?

ಊರಿನಿಂದ ಮುಂಬಯಿಗೆ ಬಂದಿಳಿದ ಕನ್ನಡಿಗನು ಮೊತ್ತಮೊದಲು ಕಲಿಯುವುದು ಲೆಕ್ಕದ ಮಾತನ್ನು. ‘ಕಿತ್ನಾ’ ಎಂಬ ಹಿಂದಿಯ ಪ್ರಶ್ನೆ, ‘ಕಿತೀ’ ಎಂಬ ಮರಾಠಿಯ ಪ್ರಶ್ನೆ, ಅವುಗಳಿಗೆ ಬರುವ ಉತ್ತರ, ಇಷ್ಟು ಕೈವಶವಾದರೆ ಈ ಮಹಾನಗರದಲ್ಲಿ ಅವನ ಬದುಕಿನ ಬಂಡಿ ಸಾಗತೊಡಗುತ್ತದೆ. ವರ್ಷ ತುಂಬುವುದರೊಳಗೆ ತರಕಾರಿಯವಳೊಡನೆ ಮರಾಠಿಯಲ್ಲಿ ಚೌಕಾಶಿ ನಡೆಸುತ್ತಾನೆ. ರಿಕ್ಷಾದವನೊಡನೆ ಹಿಂದಿಯಲ್ಲಿ ವಾದಕ್ಕಿಳಿಯುತ್ತಾನೆ. ಕಚೇರಿಯ ಪತ್ರವ್ಯವಹಾರವನ್ನು ಇಂಗ್ಲಿಷಿನಲ್ಲಿ ಮುಗಿಸಿ, ಮನೆಗೆ ಬಂದು ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾನೆ. ಹಗಲು ಕ್ಯಾಂಟೀನುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮ ಹಿರಿಯರದಂತೂ ನಾಲ್ಕೈದು ಭಾಷೆಗಳ ಪಾಂಡಿತ್ಯ. ಆದುದರಿಂದಲೇ ‘ನಮಗೆ ಇಲ್ಲಿ ಭಾಷೆಯ ತೊಡಕೇ ಇಲ್ಲ’ ಎಂಬ ಹೆಮ್ಮೆಯ ಮಾತು ನಮ್ಮ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಕುರಿತದ್ದು ಈ ಲೇಖನ.

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ವೈದ್ಯಮಿತ್ರರ ನಡುವೆ ವಾಣಿಜ್ಯ ಪದವೀಧರನೊಬ್ಬನು ಲೇಖನಿ ಹಿಡಿದಿರುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ರೋಗದ ವಿಷಯವನ್ನು ಅವರೇ ಬರೆಯಲಿ. ರೋಗಿಯ ಬಾಯಿಂದ ಹೊರಟ ಮಾತು ವೈದ್ಯನ ಕಿವಿಯನ್ನು ತಲುಪುವುದರೊಳಗೆ ಏನಾಗುತ್ತದೆ ಎಂಬುದಷ್ಟೇ ನನ್ನ ವಿಷಯ. ಅದನ್ನು ನಾನು ಗಮನಿಸಲು ಕಲಿತದ್ದು ಬ್ಯಾಂಕಿನ ಕೌಂಟರಿನ ಹಿಂದೆ.

ಆ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕಳೆದವನಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ: ಹಣದ ಮಾತುಗಳಿಗೆ ನಮ್ಮ ದೇಶದಲ್ಲಿ ಗಡಿಯಿಲ್ಲ. ಜಮಾ, ಖರ್ಚು, ಬಾಕಿ, ಖಾತೆ, ವಸೂಲಿ, ರಸೀದಿ, ಜಾಮೀನು, ಕರಾರು, ಅರ್ಜಿ, ಹುಂಡಿ — ಇವನ್ನು ಧಾರವಾಡದ ರೈತನೂ ಬಲ್ಲ, ಸಾತಾರೆಯ ರೈತನೂ ಬಲ್ಲ, ಕಾನಪುರದ ವ್ಯಾಪಾರಿಯೂ ಬಲ್ಲ; ಉಚ್ಚಾರದಲ್ಲಿ ತುಸು ವ್ಯತ್ಯಾಸ, ಅಷ್ಟೆ. ಇವುಗಳಲ್ಲಿ ಹೆಚ್ಚಿನವು ಅರಬ್ಬೀ ಪಾರಸೀ ಮೂಲದವು. ಬಹಮನಿ ಅರಸರ, ವಿಜಾಪುರದ ಆದಿಲಶಾಹಿಯ, ಮರಾಠರ ಕಂದಾಯದ ಕಡತಗಳಲ್ಲಿ ಓಡಾಡಿ, ಆಮೇಲೆ ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ನೆಲೆ ನಿಂತು ನಮ್ಮವೇ ಆಗಿಬಿಟ್ಟವು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಈ ಮುಂಬಯಿಯ ಆಡಳಿತಕ್ಕೇ ಒಳಪಟ್ಟಿದ್ದವೆಂಬುದನ್ನು ಇಂದಿನ ತರುಣರಲ್ಲಿ ಎಷ್ಟು ಮಂದಿ ಬಲ್ಲರೋ! ಸರಕಾರಕ್ಕೆ ತೆರಿಗೆ ಬೇಕಾಗಿತ್ತು, ವರ್ತಕನಿಗೆ ವ್ಯಾಪಾರ ಬೇಕಾಗಿತ್ತು. ಆದುದರಿಂದ ಮಾತು ಹೊಳೆ ದಾಟಿತು, ಘಟ್ಟ ಹತ್ತಿತು. ನಮ್ಮ ನೋಟುಗಳನ್ನೇ ನೋಡಿ. ಹಿಂದಿ, ಇಂಗ್ಲಿಷುಗಳಲ್ಲದೆ ಪಕ್ಕದ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಅದರ ಬೆಲೆಯನ್ನು ಅಚ್ಚು ಹಾಕಿದ್ದಾರೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ದುಡ್ಡಿನ ಬೆಲೆ ಯಾರಿಗೂ ತಪ್ಪಾಗಿ ತಿಳಿಯಬಾರದೆಂಬ ವಿಷಯದಲ್ಲಿ ಇಡೀ ದೇಶಕ್ಕೆ ಏಕಾಭಿಪ್ರಾಯವಿದೆ.

ಸಾಲ ಮತ್ತು ಬಡ್ಡಿ ಎಂಬ ಎರಡು ಪದಗಳು ಮಾತ್ರ ಈ ಮೆರವಣಿಗೆಯಲ್ಲಿ ಸೇರದೆ ಮನೆಯಲ್ಲಿಯೇ ಉಳಿದುಕೊಂಡಿವೆ. ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಅವಕ್ಕೆ ಬೇರೆ ಹೆಸರು. ಅವು ಹಣದ ಸಾಲಿಗಿಂತ ನೋವಿನ ಸಾಲಿಗೆ ಹೆಚ್ಚು ಹತ್ತಿರವಾದುದರಿಂದಲೋ ಏನೋ!

ಏಕೆಂದರೆ ನೋವಿನ ಮಾತುಗಳು ಊರು ಬಿಟ್ಟು ಹೊರಟವುಗಳಲ್ಲ. ಅವನ್ನು ಯಾರೂ ಕೊಳ್ಳಲಿಲ್ಲ, ಮಾರಲಿಲ್ಲ, ಅವುಗಳ ಮೇಲೆ ತೆರಿಗೆ ಹಾಕಲಿಲ್ಲ. ತಾಯಿ ಮಗುವಿಗೆ ಹೇಳಿಕೊಟ್ಟಳು, ಮಗು ತಾಯಿಗೆ ಹೇಳಿತು. ವ್ಯವಹಾರ ಅಲ್ಲಿಗೇ ಮುಗಿಯಿತು. ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಹೊಟ್ಟೆ ತೊಳಸುತ್ತದೆ, ಕರುಳು ಹಿಂಡುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ನಡು ಹಿಡಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ಓದುಗರು ಈ ಏಳನ್ನು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಲು ಒಮ್ಮೆ ಪ್ರಯತ್ನಿಸಿ ನೋಡಬೇಕು. ಮೂವತ್ತು ವರ್ಷ ಇಲ್ಲಿದ್ದವರೂ ಎರಡನೆಯದಕ್ಕೋ ಮೂರನೆಯದಕ್ಕೋ ತಡವರಿಸುತ್ತಾರೆ. ಕೊನೆಗೆ ‘ದರ್ದ್ ಹೋತಾ ಹೈ’ ಎಂಬ ಒಂದೇ ಚೀಲದಲ್ಲಿ ಏಳನ್ನೂ ತುಂಬಿ ವೈದ್ಯರ ಮೇಜಿನ ಮೇಲೆ ಇಡುತ್ತಾರೆ.

ವೈದ್ಯರಿಗಾದರೋ ಆ ಏಳೂ ಬೇರೆ ಬೇರೆಯಾಗಿ ಬೇಕು. ಎದೆಯನ್ನು ಹಿಂಡಿದಂತಾಗುವ, ಕಲ್ಲು ಹೇರಿದಂತಾಗುವ ನೋವು ಅವರನ್ನು ಹೃದಯದ ಕಡೆಗೆ ಕರೆದೊಯ್ಯುತ್ತದೆ. ಉರಿ, ಜೋಮು, ಮಿಂಚು ಹೊಡೆದಂತಹ ಸೆಳೆತ ನರಗಳ ಕಡೆಗೆ. ಅಲೆಯಲೆಯಾಗಿ ಬಂದು ಹೋಗುವ ನೋವು ಕರುಳಿನ ಅಥವಾ ಮೂತ್ರಪಿಂಡದ ಕಲ್ಲಿನ ಕಡೆಗೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞರು ರೋಗಿಗಳು ನೋವನ್ನು ಬಣ್ಣಿಸಲು ಬಳಸುವ ಮಾತುಗಳಿಗೆ ಶಾಸ್ತ್ರದ ಸ್ಥಾನವನ್ನೇ ಕೊಟ್ಟರು. 1975ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 78 ಪದಗಳು 20 ಗುಂಪುಗಳಲ್ಲಿವೆ. ರೋಗಿಯು ತನಗೆ ಒಪ್ಪುವ ಪದವನ್ನು ಆರಿಸಿಕೊಳ್ಳಬೇಕು. ಆ ಪಟ್ಟಿ ಇಂಗ್ಲಿಷಿನದು. ಅದನ್ನು ಅನ್ಯಭಾಷೆಗಳಿಗೆ ಒಯ್ದವರು ಒಂದೊಂದು ಪದಕ್ಕೂ ಹೆಣಗಬೇಕಾಯಿತು. ಏಕೆಂದರೆ ಪ್ರತಿಯೊಂದು ಜನಾಂಗವೂ ನೋವನ್ನು ತನ್ನ ಮನೆಯ ಪಾತ್ರೆಪದಾರ್ಥಗಳಿಂದಲೇ ಅಳೆಯುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಡ. ನಾವು ‘ಜೋಮು ಹಿಡಿದಿದೆ’ ಎನ್ನುವುದನ್ನು ಮರಾಠಿಯವರು ‘ಮುಂಗ್ಯಾ ಯೇತಾತ್’ ಎನ್ನುತ್ತಾರೆ. ಅಕ್ಷರಾರ್ಥ ಹಿಡಿದರೆ ‘ಇರುವೆಗಳು ಬರುತ್ತವೆ’ ಎಂದಾಯಿತು. ಸಕ್ಕರೆ ಕಾಯಿಲೆಯುಳ್ಳವರನ್ನು ವೈದ್ಯರು ತಪ್ಪದೆ ಕೇಳುವ ಪ್ರಶ್ನೆಯಿದು. ಪಾದಗಳಲ್ಲಿ ಜೋಮು ಹಿಡಿಯುವುದು ನರಗಳಿಗೆ ಧಕ್ಕೆ ತಟ್ಟಿರುವುದರ ಸೂಚನೆ. ನಮ್ಮ ಪರಿಚಯದ ಹಿರಿಯರೊಬ್ಬರು, ಸಂತೆಯ ಮರಾಠಿಯನ್ನು ಚೆನ್ನಾಗಿ ಬಲ್ಲವರು, ಈ ಪ್ರಶ್ನೆಗೆ ‘ಇಲ್ಲ ಡಾಕ್ಟರೇ, ಮನೆ ಬಹಳ ಶುಚಿಯಾಗಿದೆ’ ಎಂದು ಉತ್ತರವಿತ್ತರು. ಕೇಳಿದವರು ನಕ್ಕರು, ಸರಿ. ಆದರೆ ಅವರ ಪಾದಗಳ ಪರೀಕ್ಷೆ ಆ ದಿನ ಆಗಲಿಲ್ಲ.

ವೈದ್ಯಕ್ಕೆ ಸಂಬಂಧಿಸಿದ ಕೆಲವು ಮಾತುಗಳು ಗಡಿ ದಾಟಿರುವುದೂ ಉಂಟು. ದವಾಖಾನೆ, ಮುಲಾಮು, ಜುಲಾಬು ಇವೇ ಮೊದಲಾದವು. ಲಕ್ಷ್ಯವಿಟ್ಟು ನೋಡಿದರೆ ಅವು ಹೆಚ್ಚಾಗಿ ದುಡ್ಡು ಕೊಟ್ಟು ಪಡೆಯುವ ವಸ್ತುಗಳ, ದುಡ್ಡು ಕೊಟ್ಟು ಹೋಗುವ ಸ್ಥಳಗಳ ಹೆಸರುಗಳು. ಔಷಧ ಪ್ರಯಾಣ ಮಾಡಿತು, ಬೇನೆ ಊರಿನಲ್ಲಿ ಉಳಿಯಿತು. ಇತ್ತೀಚೆಗೆ ‘ಗ್ಯಾಸ್’ ಎಂಬ ಒಂದು ಪದ ಮಾತ್ರ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸರ್ವಮಾನ್ಯವಾಗಿದೆ. ಎದೆ ಹಿಡಿದರೂ ಗ್ಯಾಸ್, ಬೆನ್ನು ನೊಂದರೂ ಗ್ಯಾಸ್, ಬೆವರು ಬಿಟ್ಟರೂ ಗ್ಯಾಸ್. ನಮ್ಮೆಲ್ಲರನ್ನೂ ಒಂದುಗೂಡಿಸಿದ ಈ ಪದದಷ್ಟು ಅಪಾಯಕಾರಿಯಾದುದು ಇನ್ನೊಂದಿಲ್ಲ. ಹೃದಯಾಘಾತವು ವೃದ್ಧರಲ್ಲಿ, ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ವೇಳೆ ಎದೆನೋವಿಲ್ಲದೆ, ಬರಿಯ ಏದುಸಿರು, ಓಕರಿಕೆ, ಬೆವರು, ಸುಸ್ತಿನ ರೂಪದಲ್ಲಿ ಬರುತ್ತದೆಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ‘ಗ್ಯಾಸ್’ ಎಂದು ಅದಕ್ಕೆ ಹೆಸರಿಟ್ಟ ಮೇಲೆ ಮನೆಯವರು ಜೀರಿಗೆ ಕಷಾಯಕ್ಕೆ ಒಲೆ ಹಚ್ಚುತ್ತಾರೆ.

ತಿಳಿಯದ ಮಾತಿಗಿಂತ, ತಿಳಿದಂತೆ ತೋರುವ ಮಾತು ಹೆಚ್ಚು ಮೋಸ ಮಾಡುತ್ತದೆ. ತಿಳಿಯದಿದ್ದರೆ ‘ಏನು?’ ಎಂದು ಮತ್ತೆ ಕೇಳುತ್ತೇವೆ. ತಿಳಿದಂತೆ ತೋರಿದರೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ನಮ್ಮ ಭಾಷೆಗಳಿಗೆಲ್ಲ ಸಂಸ್ಕೃತದ ಬಂಡವಾಳ ಹಂಚಿಕೆಯಾಗಿರುವುದರಿಂದ ಇಂತಹ ಮೋಸಕ್ಕೆ ಎಡೆ ಹೆಚ್ಚು. ಹಿಂದಿಯ ‘ವ್ಯವಹಾರ್’ ಎಂದರೆ ನಡತೆ; ನಮಗೆ ಅದು ಕೊಡುಕೊಳ್ಳುವಿಕೆ. ಅವರ ‘ಉದ್ಯೋಗ್’ ಕಾರಖಾನೆಯ ಉದ್ದಿಮೆ, ನಮ್ಮದು ನೌಕರಿ. ಅವರ ‘ಅವಕಾಶ್’ ರಜೆ, ನಮ್ಮ ಅವಕಾಶಕ್ಕೆ ರಜೆಯೊಡನೆ ಸಂಬಂಧವೇ ಇಲ್ಲ. ಬ್ಯಾಂಕುಗಳಲ್ಲಿ ವಿದ್ಯಾಭ್ಯಾಸದ ಸಾಲಕ್ಕೆ ಹಿಂದಿಯಲ್ಲಿ ‘ಶಿಕ್ಷಾ ಋಣ್’ ಎಂದು ಹೆಸರು. ಅದನ್ನು ಓದಿದ ಕನ್ನಡಿಗನಿಗೂ ಮರಾಠಿಗನಿಗೂ ದಂಡನೆಯ ನೆನಪಾಗುತ್ತದೆ. ಮಕ್ಕಳ ಶುಲ್ಕ ಕಟ್ಟಿ ಹಣ್ಣಾದ ತಂದೆತಾಯಿಯರಿಗೆ ಅದರಲ್ಲಿ ತಪ್ಪೇನೂ ಕಾಣದೆಂಬುದು ಬೇರೆ ಮಾತು. ಬ್ಯಾಂಕಿನಲ್ಲಿ ಇಂತಹ ಗೊಂದಲವನ್ನು ಐದು ನಿಮಿಷದಲ್ಲಿ ಬಿಡಿಸಬಹುದು, ನಕ್ಕು ಮರೆಯಲೂಬಹುದು.

ಆಸ್ಪತ್ರೆಯಲ್ಲಿ ಹಾಗಲ್ಲ. ನಮ್ಮ ಅಜ್ಜಿಯು ಒಡಲೊಳಗಿನ ಹೇಳತೀರದ ತಳಮಳವನ್ನು ‘ಸಂಕಟ’ ಎನ್ನುತ್ತಾಳೆ. ಹಿಂದಿಯ ವೈದ್ಯನಿಗೆ ‘ಸಂಕಟ್’ ಎಂದರೆ ವಿಪತ್ತು. ಉತ್ತರ ಭಾರತದ ರೋಗಿಯು ‘ಘಬ್ರಾಹಟ್’ ಎಂದಾಗ ಎದೆ ಡವಗುಟ್ಟುವುದೂ ಉಸಿರು ಕಟ್ಟಿದಂತಾಗುವುದೂ ಅದರಲ್ಲಿ ಸೇರಿರುತ್ತದೆ. ನಮ್ಮ ‘ಘಾಬರಿ’ ಬರಿಯ ಭಯ. ಹೈದರಾಬಾದಿನ ಕನ್ನಡ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಪದವೊಂದಿದೆ: ‘ಆಯಾಸ’. ನಮಗೆ ಅದು ದಣಿವು; ತೆಲುಗಿನಲ್ಲಿ ‘ಆಯಾಸಂ’ ಎಂದರೆ ಏದುಸಿರು, ಮೇಲುಸಿರು. ತೆಲುಗು ದಾದಿಯು ‘ಆಯಾಸಂ ಉಂದಾ?’ ಎಂದು ಉಬ್ಬಸದ ರೋಗಿಯನ್ನು ಕೇಳಿದಾಗ, ಮಧ್ಯಾಹ್ನವೆಲ್ಲ ಮಲಗಿ ವಿಶ್ರಾಂತಿ ಪಡೆದ ನಮ್ಮವನು ‘ಇಲ್ಲ’ ಎನ್ನುವ ಸಂಭವವುಂಟು. ಒಂದೇ ಪದ, ಒಂದೇ ಉಚ್ಚಾರ. ನಡುವೆ ಆಮ್ಲಜನಕದ ನಳಿಕೆಯಷ್ಟು ವ್ಯತ್ಯಾಸ.

ಇಂತಹ ಒಂದು ಪದ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಪ್ರಕರಣವೊಂದು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. 1980ರಲ್ಲಿ 18 ವರ್ಷದ ತರುಣನೊಬ್ಬನನ್ನು ಎಚ್ಚರವಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಸ್ಪ್ಯಾನಿಷ್ ಭಾಷೆಯ ಮನೆಯವರು ‘ಇಂಟಾಕ್ಸಿಕಾದೋ’ ಎಂದರು. ಯಾವುದೋ ಆಹಾರದಿಂದ ಮೈ ಕೆಟ್ಟಿರಬೇಕೆಂಬುದು ಅವರ ಅಭಿಪ್ರಾಯ. ಇಂಗ್ಲಿಷಿನ ಕಿವಿಗೆ ಅದು ಅಮಲೇರಿದವನೆಂದು ಕೇಳಿಸಿತು. ಮಾದಕ ವಸ್ತುವಿನ ಅತಿಸೇವನೆಯೆಂದು ಚಿಕಿತ್ಸೆ ನಡೆಯಿತು. ನಿಜವಾಗಿ ಆಗಿದ್ದುದು ಮೆದುಳಿನೊಳಗಿನ ರಕ್ತಸ್ರಾವ. ಅದು ತಿಳಿಯುವ ಹೊತ್ತಿಗೆ ಎರಡು ದಿನಗಳು ಮೀರಿ, ಹುಡುಗನ ಕೈಕಾಲುಗಳು ಶಾಶ್ವತವಾಗಿ ಬಿದ್ದುಹೋಗಿದ್ದವು. ಪರಿಹಾರದ ಮೊತ್ತ ಸುಮಾರು 7.1 ಕೋಟಿ ಡಾಲರುಗಳೆಂದು ದಾಖಲಾಗಿದೆ. ಎರಡೂ ಕಡೆಯವರು ಮಾತು ತಮಗೆ ತಿಳಿಯಿತೆಂದೇ ನಂಬಿದ್ದರೆಂಬುದು ಆ ಪ್ರಕರಣದ ವಿಶೇಷ. ದುಭಾಷಿಯನ್ನು ಕರೆಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎಣಿಕೆಯಲ್ಲಿಯೂ ಬಲೆಗಳಿಲ್ಲದಿಲ್ಲ. ನಮಗೆ ‘ಒಂದೂವರೆ’, ‘ಎರಡೂವರೆ’ ಎಂಬವು ಬಿಚ್ಚಿ ನೋಡಬಹುದಾದ ಮಾತುಗಳು. ಹಿಂದಿಯ ‘ಡೇಢ್’, ‘ಢಾಯಿ’ಗಳನ್ನು ಬಾಯಿಪಾಠ ಮಾಡಿಯೇ ತಿಳಿಯಬೇಕು; ‘ಡೇಢ್ ಗೋಲಿ’ ಎಂದರೆ ಒಂದೂವರೆ ಗುಳಿಗೆ ಎಂದು ಊರಿನಿಂದ ಹೊಸದಾಗಿ ಬಂದ ಮಾವನವರಿಗೆ ತಿಳಿಯುವುದೆಂತು? ಇನ್ನು ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಜ್ವರ ಎಂದಿನಿಂದ, ಮತ್ತೆ ಬರಬೇಕಾದುದು ಎಂದು ಎಂಬ ಎರಡೂ ಪ್ರಶ್ನೆಗಳನ್ನು ಆ ಒಂದು ಪದದ ಮೇಲೆ ನಿಲ್ಲಿಸುವುದು ಜಾಣತನವಲ್ಲ. ತಾರೀಖನ್ನು ಅಂಕಿಯಲ್ಲಿ ಬರೆಸಿಕೊಳ್ಳುವುದು ಬ್ಯಾಂಕಿನವರ ಚಾಳಿ. ರೋಗಿಗಳಿಗೂ ಅದು ಒಳ್ಳೆಯದು.

ಭಾಷೆ ಬೇರೆಯಾದ ಮಾತ್ರಕ್ಕೆ ಮನಸ್ಸೂ ಬೇರೆಯೆಂದು ತಿಳಿಯಬಾರದು. ಮೈಮೇಲೆ ಬೊಕ್ಕೆಗಳೆದ್ದರೆ ನಾವು ‘ಅಮ್ಮ ಬಂದಿದ್ದಾಳೆ’ ಎನ್ನುತ್ತೇವೆ, ಹಿಂದಿಯವರು ‘ಮಾತಾ ಆಯೀ ಹೈ’ ಎನ್ನುತ್ತಾರೆ. ಇಲ್ಲಿ ಪದಕ್ಕೆ ಪದವಿಟ್ಟರೂ ಅರ್ಥ ಕೆಡದು. ನಮ್ಮ ಸರ್ಪಸುತ್ತು ಮರಾಠಿಯಲ್ಲಿ ‘ನಾಗೀಣ್’. ದೀಪ ಆರಿಸು ಎಂದು ನಾವು ಬಾಯಿ ಬಿಟ್ಟು ಹೇಳದೆ ‘ದೊಡ್ಡದು ಮಾಡು’ ಎನ್ನುವಂತೆ, ಮರಾಠಿಯವರು ತೆಂಗಿನಕಾಯಿಯನ್ನು ಒಡೆಯುವುದಿಲ್ಲ, ‘ವಾಢವ’ತ್ತಾರೆ, ಎಂದರೆ ಬೆಳೆಸುತ್ತಾರೆ. ಬೀಳ್ಕೊಳ್ಳುವಾಗ ‘ಹೋಗುತ್ತೇನೆ’ ಎನ್ನಲು ಇಬ್ಬರಿಗೂ ಮನಸ್ಸು ಬಾರದು. ನಾವು ‘ಬರುತ್ತೇನೆ’ ಎನ್ನುತ್ತೇವೆ, ಅವರು ‘ಯೇತೋ’ ಎನ್ನುತ್ತಾರೆ. ಉತ್ತರದಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರಿಗೆ, ಬ್ಯಾಂಕಿನಿಂದ ಹೊರಟ ಗಿರಾಕಿಗಳೆಲ್ಲ ‘ಬರುತ್ತೇನೆ’ ಎನ್ನುತ್ತ ಬಾಗಿಲು ದಾಟುವುದು ಬಹುದಿನಗಳವರೆಗೆ ಒಗಟಾಗಿಯೇ ಇತ್ತು. ನಮ್ಮ ತುಳು ಬಂಧುಗಳಿಗೆ ಮರಾಠಿಯ ಇನ್ನೊಂದು ಸೊಗಸು ಬೇಗನೆ ತಿಳಿಯುತ್ತದೆ. ಕೇಳುವವನನ್ನೂ ಒಳಗೊಂಡ ‘ನಾವು’ ತುಳುವಿನಲ್ಲಿ ‘ನಮ’, ಅವನನ್ನು ಹೊರಗಿಟ್ಟ ‘ನಾವು’ ‘ಎಂಕುಲು’. ಮರಾಠಿಯಲ್ಲಿಯೂ ಹಾಗೆಯೇ ‘ಆಪಣ್’ ಮತ್ತು ‘ಆಮ್ಹೀ’. ವೈದ್ಯನು ‘ಆಪಣ್ ಬಘೂ’ ಎಂದಾಗ ರೋಗಿಯ ಕೈಯನ್ನು ಹಿಡಿದುಕೊಂಡೇ ಹೇಳಿದಂತಾಗುತ್ತದೆ. ಕನ್ನಡದ ‘ನಾವು’ ಈ ಭೇದವನ್ನು ಎಣಿಸದು.

ಆದರೆ ಈ ಸಮಾನ ಸಂಸ್ಕಾರವೇ ಆಸ್ಪತ್ರೆಯಲ್ಲಿ ಅಡ್ಡಿಯಾಗುವುದೂ ಉಂಟು. ಅಶುಭವನ್ನು ಬಾಯಿಯಿಂದ ಆಡಬಾರದೆಂದು ಕಲಿತವರು ವೈದ್ಯನ ಮುಂದೆಯೂ ಆಡುವುದಿಲ್ಲ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುವುದು ಮರ್ಯಾದೆ. ಜ್ವರದಲ್ಲಿ ನಡುಗುತ್ತಿರುವವರೂ ಹಾಗೆಯೇ ಎನ್ನುತ್ತಾರೆ. ದೊಡ್ಡವರು ಹೇಳಿದ್ದಕ್ಕೆ ಎದುರಾಡಬಾರದು. ಅರ್ಥವಾಗದ ಹಿಂದಿಗೆ ‘ಹಾಂ ಜೀ’ ಎನ್ನುತ್ತಾರೆ. ಮಾತಿಲ್ಲದೆ ತಲೆಯನ್ನು ಆ ಪಕ್ಕ ಈ ಪಕ್ಕ ತೂಗುವ ನಮ್ಮ ದಕ್ಷಿಣದ ಒಪ್ಪಿಗೆಯನ್ನು ಉತ್ತರದ ವೈದ್ಯನು ‘ಇಲ್ಲ’ ಎಂದು ತಿಳಿದರೆ ಅದು ಅವನ ತಪ್ಪೂ ಅಲ್ಲ. ‘ಎದೆ ಭಾರವಾಗಿದೆ’ ಎಂಬ ಮಾತಿನದು ಇದಕ್ಕಿಂತ ಸೂಕ್ಷ್ಮವಾದ ತೊಡಕು. ನಮ್ಮಲ್ಲಿ ಅದು ದುಃಖದ ಮಾತೂ ಹೌದು. ಗಂಡನನ್ನು ಕಳೆದುಕೊಂಡ ಹೆಂಗಸು ಹಾಗೆಂದರೆ ಮನೆಯವರು ಸಮಾಧಾನ ಹೇಳುತ್ತಾರೆ, ಇ.ಸಿ.ಜಿ. ತೆಗೆಸುವುದಿಲ್ಲ.

ಈಗ ದುಭಾಷಿಯ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಆ ಹುದ್ದೆ ಯಾರದು? ಹೆಚ್ಚಿನ ಕಡೆ ಅದು ಶಾಲೆಗೆ ಹೋಗುವ ಮೊಮ್ಮಗನದು. ಮಗನಿಗೆ ಕಚೇರಿ, ಸೊಸೆಗೂ ಕಚೇರಿ. ಹುಡುಗನಿಗೆ ಹಿಂದಿ, ಮರಾಠಿ, ಇಂಗ್ಲಿಷು ಎಲ್ಲವೂ ಸಲೀಸು. ನಮ್ಮ ಉಪನಗರದ ಕುಟುಂಬವೊಂದರಲ್ಲಿ ಊರಿನಿಂದ ಬಂದಿದ್ದ ಅರುವತ್ತು ದಾಟಿದ ಅಜ್ಜಿಯನ್ನು ಹನ್ನೆರಡು ವರ್ಷದ ಮೊಮ್ಮಗನು ಆಸ್ಪತ್ರೆಗೆ ಕರೆದೊಯ್ದನು. ಆಕೆಗೆ ಮುಟ್ಟು ನಿಂತು ಹತ್ತು ವರ್ಷಗಳ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುತ್ತಿತ್ತು. ಹುಡುಗನ ಮುಂದೆ ಆ ಮಾತನ್ನು ಆಕೆ ಹೇಗೆ ಆಡಿಯಾಳು? ‘ಸುಸ್ತು ಅಂತ ಹೇಳಪ್ಪಾ’ ಎಂದಳು. ಹುಡುಗನು ಹೇಳಿದನು. ವೈದ್ಯರು ಕಣ್ಣರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯೆಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಮೂರು ಸಲ ಹೀಗೆ ನಡೆಯಿತು. ನಾಲ್ಕನೆಯ ಸಲ ನೆರೆಮನೆಯ ಕನ್ನಡದ ಹೆಣ್ಣುಮಗಳೊಬ್ಬಳು ಜತೆಗೆ ಹೋದಳು. ದಾರಿಯಲ್ಲಿ ರಿಕ್ಷಾದೊಳಗೆ ಕುಳಿತಾಗಲೇ ಅಜ್ಜಿ ಎಲ್ಲವನ್ನೂ ಹೇಳಿಬಿಟ್ಟಳು. ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನು ಬೇರೆ ಕಾರಣ ದೃಢಪಡುವವರೆಗೆ ಗರ್ಭಾಶಯದ ಕ್ಯಾನ್ಸರಿನ ಸೂಚನೆಯೆಂದೇ ಭಾವಿಸಿ ಪರೀಕ್ಷಿಸಬೇಕೆಂಬುದು ವೈದ್ಯರ ನಿಯಮ. ಪರೀಕ್ಷೆಯಾಯಿತು, ಅದು ಅದೇ ಆಗಿತ್ತು. ಶಸ್ತ್ರಚಿಕಿತ್ಸೆಯೂ ಆಯಿತು, ಆಕೆ ಈಗ ಊರಿನಲ್ಲಿದ್ದಾಳೆ. ನಡುವೆ ವ್ಯರ್ಥವಾದ ಐದು ತಿಂಗಳುಗಳಿಗೆ ಆ ವೈದ್ಯರನ್ನು ದೂರಲಾಗದು, ಹುಡುಗನನ್ನಂತೂ ದೂರಲೇ ಆಗದು. ಅವನು ತನಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಅನುವಾದಿಸಿದ್ದನು.

ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸುವುದನ್ನು, ತುರ್ತು ಸಂದರ್ಭಗಳ ಹೊರತು, ಅಮೆರಿಕದಲ್ಲಿ 2016ರ ನಿಯಮವೊಂದು ನಿರ್ಬಂಧಿಸಿತು. ನಮ್ಮ ದೇಶದಲ್ಲಿಯೂ ಮಾತಿನ ಹಕ್ಕು ಕಾಗದದ ಮೇಲೆ ಇಲ್ಲದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ರೋಗದ ಸ್ವರೂಪ, ಪರೀಕ್ಷೆ, ಚಿಕಿತ್ಸೆ, ತೊಡಕು, ವೆಚ್ಚ ಇವೆಲ್ಲವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವನ ಗ್ರಹಿಕೆಯ ಮಟ್ಟದಲ್ಲಿ ತಿಳಿಸಬೇಕೆಂದಿದೆ. ಅದಕ್ಕೂ ಹತ್ತು ವರ್ಷ ಹಿಂದೆ, 2008ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ರೋಗಿಯ ಒಪ್ಪಿಗೆಯೆಂದರೆ ಬರಿಯ ಸಹಿಯಲ್ಲ, ಚಿಕಿತ್ಸೆಯ ಉದ್ದೇಶ, ಲಾಭ, ಅಪಾಯ, ಪರ್ಯಾಯಗಳನ್ನು ತಿಳಿದು ಕೊಟ್ಟ ಒಪ್ಪಿಗೆಯೆಂದು ಸ್ಪಷ್ಟಪಡಿಸಿತು.

ಬ್ಯಾಂಕಿನ ಕ್ರಮವನ್ನು ಇಲ್ಲಿ ನೆನೆಯದಿರಲಾರೆ. ಇಂಗ್ಲಿಷ್ ಬಾರದ ಗಿರಾಕಿಯು ಸಾಲಪತ್ರಕ್ಕೆ ಸಹಿ ಮಾಡುವಾಗ, ಹೆಬ್ಬೆಟ್ಟು ಒತ್ತುವಾಗ, ಪತ್ರದ ಒಕ್ಕಣೆಯನ್ನು ಅವನ ಭಾಷೆಯಲ್ಲಿ ಓದಿ ವಿವರಿಸಲಾಯಿತೆಂದೂ ಅವನು ಅರಿತು ಒಪ್ಪಿದನೆಂದೂ ಬೇರೊಂದು ಹೇಳಿಕೆ ಬರೆಸಿಕೊಳ್ಳುತ್ತೇವೆ. ವಿವರಿಸಿದವನೂ ಅದಕ್ಕೆ ಸಹಿ ಹಾಕುತ್ತಾನೆ. ಇದು ನಮ್ಮ ಔದಾರ್ಯವಲ್ಲ. ನಾಳೆ ‘ನನಗೆ ತಿಳಿದಿರಲಿಲ್ಲ’ ಎಂದು ಅವನು ನ್ಯಾಯಾಲಯದಲ್ಲಿ ನಿಂತರೆ ಬ್ಯಾಂಕಿನ ಹಣ ಹೋಗುತ್ತದೆಂಬ ಭಯ. ಇಪ್ಪತ್ತು ಸಾವಿರ ರೂಪಾಯಿ ಸಾಲಕ್ಕೆ ಇಷ್ಟು ಜತನ. ಅದೇ ಮನುಷ್ಯನು ಮರುದಿನ ಹೊಟ್ಟೆ ಕೊಯ್ಯಿಸಿಕೊಳ್ಳಲು ಇಂಗ್ಲಿಷ್ ಕಾಗದದ ಮೇಲೆ ಗುರುತಿನ ಕಡೆಗೆ ಬೆರಳು ತೋರಿದೊಡನೆ ಸಹಿ ಹಾಕುತ್ತಾನೆ. ಆಸ್ಪತ್ರೆಯ ಕಾಗದದಲ್ಲಿಯೂ ‘ಇಂಥವರು ಇಂಥ ಭಾಷೆಯಲ್ಲಿ ವಿವರಿಸಿದರು’ ಎಂಬ ಒಂದು ಸಾಲು ಇರಬೇಕೆಂದು ಕೇಳುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

2020ರ ಮಹಾಮಾರಿಯ ತಿಂಗಳುಗಳಲ್ಲಿ ಈ ಕೊರತೆ ಬೆತ್ತಲೆಯಾಗಿ ಕಾಣಿಸಿತು. ವಾರ್ಡಿನೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಮುಖಗವಸಿನ ಹಿಂದೆ ತುಟಿಯೂ ಕಾಣದು, ನಗೆಯೂ ಕಾಣದು. ಕನ್ನಡವೊಂದನ್ನೇ ಬಲ್ಲ ಮುದುಕರು ಮಲಯಾಳಿ ದಾದಿ, ಮರಾಠಿ ಆಯಾ, ಗುಜರಾತಿ ವೈದ್ಯರ ನಡುವೆ ಒಂಟಿಯಾಗಿ ಮಲಗಿದ್ದರು. ಕೆಲವು ಮನೆಯವರು ಜಾಣತನದಿಂದ ಬಟ್ಟೆಯ ಚೀಲದಲ್ಲಿ ಒಂದು ರಟ್ಟಿನ ಹಾಳೆ ಇಟ್ಟು ಕಳುಹಿದರು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಮತ್ತು ಮರಾಠಿ: ನೀರು ಬೇಕು, ಉಸಿರು ಕಟ್ಟುತ್ತಿದೆ, ಎದೆ ಹಿಂಡುತ್ತಿದೆ, ಶೌಚಕ್ಕೆ ಹೋಗಬೇಕು, ಮಗಳೊಡನೆ ಮಾತಾಡಬೇಕು. ಬೆರಳಿಟ್ಟು ತೋರಿದರಾಯಿತು. ಓದು ಬಾರದವರಿಗೆ ಆ ಉಪಾಯವೂ ಒದಗಲಿಲ್ಲ.

ಈಗ ಕೈಯೊಳಗಿನ ಫೋನೇ ಅನುವಾದ ಮಾಡುತ್ತದಲ್ಲ ಎಂದು ತರುಣರು ಕೇಳಬಹುದು. ಕೇಂದ್ರ ಸರಕಾರವು 2022ರಲ್ಲಿ ‘ಭಾಷಿಣಿ’ಯೆಂಬ ಯೋಜನೆಯನ್ನು ಆರಂಭಿಸಿದೆ, ಬೇರೆ ಕಂಪನಿಗಳ ಸೌಲಭ್ಯಗಳೂ ಇವೆ. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂಬಂತಹ ಪ್ರಶ್ನೆಗೆ ಅವು ಧಾರಾಳವಾಗಿ ಸಾಕು, ಬಳಸಬೇಕು. ಆದರೆ ಅಜ್ಜಿಯು ಯಂತ್ರದ ಮುಂದೆ ‘ಒಂಥರಾ ಆಗುತ್ತಪ್ಪ’ ಎಂದರೆ ಅದು ಏನೆಂದು ಬರೆದೀತು? ‘ಒಂಥರಾ ಎಂದರೆ ಹೇಗೆ? ತಲೆ ತಿರುಗುತ್ತದೆಯೇ, ಹೊಟ್ಟೆ ತೊಳಸುತ್ತದೆಯೇ?’ ಎಂದು ಮರುಪ್ರಶ್ನೆ ಹಾಕಲು ಪಕ್ಕದಲ್ಲಿ ಮನುಷ್ಯನೇ ಬೇಕು.

ಆ ಮನುಷ್ಯರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆಂಬುದು ನನ್ನ ನಂಬಿಕೆ. ನಿವೃತ್ತ ಶಿಕ್ಷಕಿಯರು, ನಿವೃತ್ತ ಬ್ಯಾಂಕ್ ನೌಕರರು, ಮಧ್ಯಾಹ್ನದ ಬಿಡುವುಳ್ಳ ಗೃಹಿಣಿಯರು. ಸಂಘದ ಕಚೇರಿಯಲ್ಲಿ ಒಂದು ದಪ್ಪ ಹಾಳೆಯ ಪುಸ್ತಕವನ್ನಿಟ್ಟು, ಆಸ್ಪತ್ರೆಗೆ ಜತೆಯಾಗಿ ಹೋಗಲು ಸಿದ್ಧರಿರುವವರ ಹೆಸರು, ಬಡಾವಣೆ, ಬಿಡುವಿನ ವೇಳೆ ಬರೆದಿಡಬಹುದು. ಸ್ತ್ರೀಯರಿಗೆ ಸ್ತ್ರೀಯರೇ ಹೋಗಬೇಕು. ಹೋದವರು ಹೇಳಿದ್ದನ್ನು ಹೇಳಿದಂತೆ ದಾಟಿಸಬೇಕು. ಚುಟುಕು ಮಾಡಬಾರದು, ತಮ್ಮ ಮನೆಮದ್ದನ್ನು ನಡುವೆ ಸೇರಿಸಬಾರದು, ವೈದ್ಯರ ಕೆಟ್ಟ ಸುದ್ದಿಯನ್ನು ಕನಿಕರಪಟ್ಟು ನುಂಗಿಕೊಳ್ಳಬಾರದು. ಕೇಳಿದ ಗುಟ್ಟು ಮೆಟ್ಟಿಲಿಳಿಯುವ ಮೊದಲೇ ಮರೆತುಹೋಗಬೇಕು. ಗಿರಾಕಿಯ ಖಾತೆಯ ವಿಷಯದಲ್ಲಿ ನಾವು ಪಾಲಿಸುವ ಗೋಪ್ಯಕ್ಕಿಂತ ಇದು ಒಂದು ತೂಕ ಹೆಚ್ಚಿನದು. ಮಾತು ಮುಗಿದ ಮೇಲೆ ರೋಗಿಯಿಂದಲೇ ‘ಡಾಕ್ಟರು ಏನೆಂದರು, ನೀವು ಹೇಳಿ ನೋಡೋಣ’ ಎಂದು ತಿರುಗಿ ಹೇಳಿಸಿದರೆ, ಎಲ್ಲಿ ಸೋರಿತೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಕೌಂಟರಿನಲ್ಲಿ ನೋಟು ಎಣಿಸಿ ಕೊಟ್ಟ ಮೇಲೆ ಗಿರಾಕಿಯನ್ನೂ ಎಣಿಸಲು ಹೇಳುವುದಿಲ್ಲವೇ, ಹಾಗೆ.

ಹೆಸರು ಕೊಡುವವರು ತಮಗೆ ಬರುವ ಅನ್ಯಭಾಷೆಗಳೊಂದಿಗೆ ತಮ್ಮ ಕನ್ನಡ ಯಾವ ಸೀಮೆಯದೆಂಬುದನ್ನೂ ತಪ್ಪದೆ ಬರೆಯಬೇಕು. ಇದು ತಮಾಷೆಯ ಮಾತಲ್ಲ. ಮೈಸೂರಿನವರ ಹೊಟ್ಟೆನೋವು ನಮ್ಮ ಧಾರವಾಡದ ಕಡೆ ‘ಹೊಟ್ಟಿ ಬ್ಯಾನಿ’. ಅಲ್ಲಿಯವರಿಗೆ ‘ಕಡಿತ’ವೆಂದರೆ ಮೈ ತುರಿಸುವುದು, ನಮಗೆ ‘ಹೊಟ್ಟಿ ಕಡೀತೈತಿ’ ಎಂದರೆ ಕರುಳು ಹಿಂಡುವುದು. ತುರಿಕೆಗೆ ನಾವು ‘ತಿಂಡಿ’ ಎನ್ನುತ್ತೇವೆ. ವಿಜಾಪುರದ ಅಜ್ಜಿಯು ‘ನಾಲ್ಕು ದಿನದಿಂದ ಮೈಯೆಲ್ಲಾ ತಿಂಡಿ’ ಎಂದಾಗ, ಜತೆಗೆ ಹೋದ ಮೈಸೂರಿನ ಮಿತ್ರರು ಅದನ್ನು ಬೆಳಗಿನ ಉಪಾಹಾರವೆಂದು ತಿಳಿದು ವೈದ್ಯರಿಗೆ ಇಡ್ಲಿ ದೋಸೆಗಳ ಲೆಕ್ಕ ಒಪ್ಪಿಸದಂತೆ ನೋಡಿಕೊಳ್ಳುವ ಜವಾಬ್ದಾರಿ ಕಾರ್ಯದರ್ಶಿಗಳದು.